ಹಿತ್ತಲ ಸೊಪ್ಪಿಗೆ ಹೊಲದ ಡಬ್ಬಿ ಬೇಡ



ದೀಪಾವಳಿ ಮುಗಿದು ಬಿಸಿಲಿನ ಉರಿ ತಗ್ಗಿತೆಂದರೆ ನಮ್ಮ ತೆಕ್ಕಲಕೋಟೆ, ಸಿರುಗುಪ್ಪ, ಕುರುಗೋಡು, ಬಳ್ಳಾರಿ ಸೀಮೆಯ ಹಿತ್ತಲುಗಳು ಹಸಿರಾಗುತ್ತವೆ. ಬಚ್ಚಲ ನೀರು ಹರಿದು ಹೋಗುವ ಮೂಲೆಯಲ್ಲಿ ಪುಂಡಿ, ಪಕ್ಕದ ಮಡಿಯಲ್ಲಿ ಮೆಂತ್ಯ, ಅದರಾಚೆ ಕೊತ್ತಂಬರಿ, ಪಾಲಕ್, ರಾಜಗಿರಿ, ಚುಕ್ಕಿ ಸೊಪ್ಪು, ಒಂದಿಷ್ಟು ಮೂಲಂಗಿ. ದೊಡ್ಡ ಜಾಗ ಬೇಕಿಲ್ಲ. ಹತ್ತಡಿ ಉದ್ದ, ನಾಲ್ಕಡಿ ಅಗಲದ ಮಡಿಯಿದ್ದರೂ ಒಂದು ಮನೆಯ ರೊಟ್ಟಿಗೆ ವಾರದಲ್ಲಿ ಎರಡು ಮೂರು ದಿನ ಪಲ್ಯ ಆದೀತು. ಕಬ್ಬಿಣದಂಶ, ಸುಣ್ಣದಂಶ, ಎ ಜೀವಸತ್ವ ಇಷ್ಟು ಅಗ್ಗವಾಗಿ ಬೇರೆಲ್ಲೂ ಸಿಗುವುದಿಲ್ಲ. ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳು ಇರುವ ಮನೆಯಲ್ಲಿ ಹಿತ್ತಲ ಸೊಪ್ಪಿನ ಮಡಿ ಒಂದು ಆಸ್ತಿಯೇ ಸರಿ.

ಆದರೆ ಬಿತ್ತಿದ ಹದಿನೈದು ಇಪ್ಪತ್ತು ದಿನಕ್ಕೆ ಎಲೆಯಲ್ಲಿ ತೂತು ಕಾಣುತ್ತದೆ. ರಾಜಗಿರಿಯ ಎಲೆ ಮಡಚಿಕೊಂಡು ಒಳಗೆ ಬಲೆ ಕಟ್ಟಿರುತ್ತದೆ. ಮೆಂತ್ಯದ ಕುಡಿ ಅಂಟಂಟಾಗುತ್ತದೆ. ಪಾಲಕ್ ಎಲೆಯ ಮೇಲೆ ಯಾರೋ ಬಿಳಿ ರಂಗೋಲಿ ಎಳೆದ ಹಾಗೆ ಗೆರೆ ಮೂಡುತ್ತದೆ. ಆಗ ಮನೆಯಲ್ಲಿ ಯಾರಾದರೊಬ್ಬರು ಹೇಳುವ ಮಾತು ನಿಮಗೆ ಗೊತ್ತೇ ಇದೆ: "ಗದ್ದೆಗೆ ತಂದ ಔಷಧಿ ಇನ್ನೂ ಡಬ್ಬಿಯಲ್ಲಿ ಉಳಿದಿದೆ, ಒಂದು ಮುಚ್ಚಳ ಕಲಸಿ ಹೊಡೆದುಬಿಡೋಣ."

ಇವತ್ತಿನ ನನ್ನ ಮಾತು ಇಷ್ಟೇ. ಆ ಒಂದು ಮುಚ್ಚಳ ಬೇಡ. ಹಿತ್ತಲ ಸೊಪ್ಪಿನ ಹುಳುವನ್ನು ಕಣ್ಣು, ಕೈ, ಕಾಲಮಾನ ಈ ಮೂರರಿಂದ ಹತೋಟಿಗೆ ತರಬಹುದು. ಏಕೆ ಬೇಡ, ಅದರ ಬದಲು ಏನು ಮಾಡಬೇಕು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಏಕೆ ಬೇಡ ಎಂಬುದು. ನಮ್ಮದು ತುಂಗಭದ್ರೆಯ ಕಾಲುವೆ ನೀರಿನ ನಾಡು. ಭತ್ತ, ಮೆಣಸಿನಕಾಯಿ, ಹತ್ತಿ ನಮ್ಮ ಬೆಳೆಗಳು. ಈ ಮೂರಕ್ಕೂ ಕೀಟನಾಶಕದ ಬಳಕೆ ಹೆಚ್ಚು. ಹಾಗಾಗಿ ಅಟ್ಟದ ಮೇಲೋ, ದನದ ಕೊಟ್ಟಿಗೆಯ ಗೂಡಿನಲ್ಲೋ ಅರ್ಧ ಉಳಿದ ಡಬ್ಬಿಗಳು ಇದ್ದೇ ಇರುತ್ತವೆ. ಆದರೆ ಭತ್ತಕ್ಕೆ ಹೊಡೆದದ್ದಕ್ಕೂ ಸೊಪ್ಪಿಗೆ ಹೊಡೆದದ್ದಕ್ಕೂ ಬಹಳ ಅಂತರವಿದೆ. ಭತ್ತದಲ್ಲಿ ನಾವು ತಿನ್ನುವುದು ಹೊಟ್ಟಿನೊಳಗಿನ ಕಾಳು. ಔಷಧಿ ಹೊಡೆದ ಮೇಲೆ ಕೊಯ್ಲಿಗೆ ವಾರಗಟ್ಟಲೆ ಸಮಯವಿರುತ್ತದೆ. ಆಮೇಲೆ ಬಡಿಯುತ್ತೇವೆ, ಒಣಗಿಸುತ್ತೇವೆ, ಗಿರಣಿಗೆ ಹಾಕಿಸುತ್ತೇವೆ. ಸೊಪ್ಪಿನಲ್ಲಿ ಔಷಧಿ ಬಿದ್ದ ಎಲೆಯೇ ನಮ್ಮ ತಟ್ಟೆಗೆ ಬರುತ್ತದೆ. ಮೆಂತ್ಯ, ರಾಜಗಿರಿ ಬಿತ್ತಿದ 25ರಿಂದ 30 ದಿನಕ್ಕೆ ಕೀಳುವ ಬೆಳೆ. ಇಪ್ಪತ್ತನೆಯ ದಿನ ಹೊಡೆದು ಇಪ್ಪತ್ತೈದನೆಯ ದಿನ ಕಿತ್ತರೆ ವಿಷ ಇಳಿಯಲು ಕಾಲವೆಲ್ಲಿದೆ?

"ಚೆನ್ನಾಗಿ ತೊಳೆದರಾಯಿತಲ್ಲ" ಎನ್ನುವವರಿದ್ದಾರೆ. ಅಸಿಫೇಟ್, ಇಮಿಡಾಕ್ಲೋಪ್ರಿಡ್ ಮೊದಲಾದ ಕೀಟನಾಶಕಗಳು ಎಲೆಯ ಮೇಲೆ ಕುಳಿತಿರುವಂಥವಲ್ಲ. ಅವು ಗಿಡದ ಒಳಗೆ ಇಳಿದು ರಸದ ಜೊತೆ ಹರಿಯುತ್ತವೆ. ರಸ ಹೀರುವ ಹುಳು ಸಾಯುವುದು ಅದರಿಂದಲೇ. ಒಳಗೆ ಇಳಿದ ವಿಷವನ್ನು ನೀರಿನಲ್ಲಿ ತೊಳೆದು ತೆಗೆಯಲು ಬರುವುದಿಲ್ಲ. ಇನ್ನು ಮೋನೋಕ್ರೋಟೋಫಾಸ್. ಇದನ್ನು ಯಾವುದೇ ತರಕಾರಿಯ ಮೇಲೆ ಬಳಸಬಾರದೆಂದು ಕೇಂದ್ರ ಸರ್ಕಾರ 2005ರಲ್ಲಿಯೇ ನಿಷೇಧಿಸಿದೆ. ಪ್ರತಿ ಡಬ್ಬಿಯ ಮೇಲೂ ಬಣ್ಣದ ಗುರುತು ಇರುತ್ತದೆ: ಕೆಂಪು ಎಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಅದರ ಜೊತೆಗೆ ಯಾವ ಬೆಳೆಗೆ, ಎಷ್ಟು ಪ್ರಮಾಣ, ಹೊಡೆದ ಎಷ್ಟು ದಿನದ ಮೇಲೆ ಕೊಯ್ಯಬೇಕು ಎಂದು ಬರೆದಿರುತ್ತದೆ. ನಿಮ್ಮ ಮನೆಯ ಡಬ್ಬಿಯನ್ನು ಓದಿಸಿ ನೋಡಿ. ಅದರ ಮೇಲೆ ಮೆಂತ್ಯ, ಪುಂಡಿ, ರಾಜಗಿರಿಯ ಹೆಸರು ಇಲ್ಲದಿದ್ದರೆ ಅದು ಆ ಬೆಳೆಗೆ ಹೊಡೆಯಬೇಕಾದದ್ದೇ ಅಲ್ಲ.

ಎರಡನೆಯ ಕಾರಣ ಇನ್ನೂ ಮುಖ್ಯ. ಹೊಡೆದಷ್ಟೂ ಹುಳು ಕಡಿಮೆಯಾಗುತ್ತದೆ ಎಂಬುದು ನಿಜವಲ್ಲ. ಭತ್ತದ ಕಂದು ಜಿಗಿಹುಳು ನಿಮಗೆಲ್ಲ ಗೊತ್ತು. ಗದ್ದೆಯ ನಡುನಡುವೆ ಸುಟ್ಟ ಹಾಗೆ ಬಟ್ಟಲುಗಟ್ಟಿ ಒಣಗಿಸುವ ಹುಳು. ಇಂಡೋನೇಷ್ಯಾ ದೇಶದಲ್ಲಿ ಈ ಹುಳುವಿನ ಹಾವಳಿಗೆ ಎಡೆಬಿಡದೆ ಔಷಧಿ ಹೊಡೆದರು. ಅದರಿಂದ ಜಿಗಿಹುಳುವನ್ನು ತಿನ್ನುವ ಜೇಡಗಳು, ಪರಭಕ್ಷಕ ತಿಗಣೆಗಳು ಮೊದಲು ಸತ್ತವು. ಜಿಗಿಹುಳು ಮತ್ತಷ್ಟು ಹೆಚ್ಚಿತು. 1986ರಲ್ಲಿ ಅಲ್ಲಿನ ಸರ್ಕಾರ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ಒಮ್ಮೆಗೇ ನಿಷೇಧಿಸಿತು. ಕೆಲವು ವರ್ಷಗಳ ಬಳಿಕ ರೈತರನ್ನು ಗದ್ದೆಯಲ್ಲೇ ಕೂಡಿಸಿ ಹುಳು ಗುರುತಿಸುವ ಪಾಠ ಶುರುಮಾಡಿತು. ಔಷಧಿಯ ಬಳಕೆ ಇಳಿಯಿತು, ಭತ್ತದ ಇಳುವರಿ ಬೀಳಲಿಲ್ಲ. ಅಷ್ಟು ದೂರ ಹೋಗುವುದೂ ಬೇಡ. 2021ರ ಕೊನೆಯಲ್ಲಿ ನಮ್ಮ ಮೆಣಸಿನಕಾಯಿ ಹೊಲಗಳಿಗೆ ಹೊಸ ಜಾತಿಯ ನುಸಿ ಬಿದ್ದು ಹೂವೆಲ್ಲ ಉದುರಿದಾಗ, ದಿನ ಬಿಟ್ಟು ದಿನ ಔಷಧಿ ಹೊಡೆದರೂ ಅದು ಬಗ್ಗಲಿಲ್ಲ. ಆ ಸಂಕಟವನ್ನು ಕಂಡವರು ನೀವೇ. ಹೊಲದಲ್ಲೇ ಹೀಗಾದರೆ, ನಾಲ್ಕಡಿ ಅಗಲದ ಮಡಿಯಲ್ಲಿ ಆ ದಾರಿ ಹಿಡಿಯುವುದು ತರವಲ್ಲ.

ಹಾಗಾದರೆ ಮಾಡುವುದೇನು? ಮೊದಲು ಯಾವ ಹುಳು ತಿನ್ನುತ್ತಿದೆ ಎಂದು ಗುರುತಿಸಬೇಕು. ಎಲೆಯ ಮೇಲಿನ ಗುರುತೇ ಅದನ್ನು ಹೇಳುತ್ತದೆ. ಬೆಳಿಗ್ಗೆ ನೀರು ಹಾಕುವಾಗ ಎಲೆಯನ್ನು ಮಗುಚಿ ಕೆಳಭಾಗ ನೋಡುವ ಅಭ್ಯಾಸ ಮಾಡಿಕೊಳ್ಳಿ. ಅರ್ಧ ಕೆಲಸ ಅಲ್ಲಿಗೆ ಮುಗಿಯುತ್ತದೆ.

ರಾಜಗಿರಿ, ಕಿರಕಸಾಲಿ, ದಂಟಿನ ಎಲೆಗಳು ಮಡಚಿ ರೇಷ್ಮೆಯಂಥ ನೂಲಿನಿಂದ ಅಂಟಿಕೊಂಡಿದ್ದರೆ ಅದು ಬಲೆ ಕಟ್ಟುವ ಹುಳು. ಎಲೆ ಬಿಡಿಸಿ ನೋಡಿದರೆ ಒಳಗೆ ತೆಳ್ಳನೆಯ ಹಸಿರು ಹುಳು ಇರುತ್ತದೆ, ಬೆನ್ನ ಮೇಲೆ ಬಿಳಿ ಗೆರೆ. ಮುಟ್ಟಿದರೆ ಮೈ ತಿರುಚುತ್ತದೆ. ಇದು ಎಲೆಯ ಹಸಿರನ್ನು ಕೆರೆದು ತಿಂದು, ಕಾಗದದಂಥ ತೆಳು ಪೊರೆಯನ್ನು ಬಿಡುತ್ತದೆ. ಇದರ ತಾಯಿ ಕಂದು ಬಣ್ಣದ ಪುಟ್ಟ ಪತಂಗ, ರೆಕ್ಕೆಯ ಮೇಲೆ ಬಿಳಿ ಪಟ್ಟೆ. ಮಳೆಗಾಲದಲ್ಲಿ ಮತ್ತು ಮಳೆ ಹಿಂದೆಗೆಯುವ ಹೊತ್ತಿನಲ್ಲಿ ಇದರ ಕಾಟ ಹೆಚ್ಚು. ಪಾಲಕ್ ಮತ್ತು ಬೀಟ್‌ರೂಟ್ ಎಲೆಗೂ ಇದು ಬೀಳುತ್ತದೆ. ಹಾಗಾಗಿ ರಾಜಗಿರಿ ಕಿತ್ತ ಮಡಿಗೆ ಮತ್ತೆ ರಾಜಗಿರಿಯನ್ನೋ ಪಾಲಕ್ ಅನ್ನೋ ಬಿತ್ತಬೇಡಿ. ಮೆಂತ್ಯ ಅಥವಾ ಕೊತ್ತಂಬರಿ ಬಿತ್ತಿ. ಮಡಚಿದ ಎಲೆ ಕಂಡ ದಿನವೇ ಹುಳು ಸಮೇತ ಕಿತ್ತು ಸೋಪಿನ ನೀರಿನ ಬಕೆಟ್ಟಿಗೆ ಹಾಕಿ. ನಾಲ್ಕೈದು ಎಲೆಯಲ್ಲಿ ಇದ್ದಾಗ ಕಿತ್ತರೆ ಮುಂದಿನ ನೂರು ಎಲೆ ಉಳಿಯುತ್ತದೆ. ಈ ಹುಳು ಬೆಳೆದ ಮೇಲೆ ಮಣ್ಣಿಗಿಳಿದು ಕೋಶವಾಗುವುದರಿಂದ, ಬೆಳೆ ಮುಗಿದ ಮೇಲೆ ಮಡಿಯನ್ನು ಒಂದು ಗೇಣು ಆಳ ಅಗೆದು ನಾಲ್ಕು ದಿನ ಬಿಸಿಲಿಗೆ ಬಿಡಿ. ನಮ್ಮ ಬಳ್ಳಾರಿಯ ಬಿಸಿಲಿಗಿಂತ ಒಳ್ಳೆಯ ಕೀಟನಾಶಕ ಯಾವುದಿದೆ? ಉಳಿದದ್ದನ್ನು ಗೊರವಂಕ ಹಕ್ಕಿಗಳು ಹೆಕ್ಕಿ ತಿನ್ನುತ್ತವೆ.

ಎಲೆ ಜರಡಿಯಂತೆ ಆಗಿ ನರ ಮಾತ್ರ ಉಳಿದಿದ್ದರೆ ಅದು ತಂಬಾಕಿನ ಹುಳುವಿನ ಮರಿಗಳ ಕೆಲಸ. ಔಡಲ, ಸೂರ್ಯಕಾಂತಿ, ಹತ್ತಿ, ಮೆಣಸಿನಕಾಯಿ ಎಲ್ಲಕ್ಕೂ ಬೀಳುವ ಹುಳು ಇದು. ಹೊಲದಿಂದ ಹಿತ್ತಲಿಗೆ ಹಾರಿ ಬರುವುದು ಇದಕ್ಕೆ ಕಷ್ಟವಲ್ಲ. ತಾಯಿ ಪತಂಗ ಎಲೆಯ ಕೆಳಗೆ ನೂರಾರು ಮೊಟ್ಟೆಗಳನ್ನು ಒಂದೇ ಕಡೆ ಇಟ್ಟು, ಮೇಲೆ ಕಂದು ರೋಮ ಮುಚ್ಚುತ್ತದೆ. ನೋಡಿದರೆ ಎಲೆಗೆ ತುಂಡು ಕಂಬಳಿ ಅಂಟಿಸಿದ ಹಾಗಿರುತ್ತದೆ. ಮೂರರಿಂದ ಐದು ದಿನಕ್ಕೆ ಮರಿ ಹೊರಬರುತ್ತದೆ. ಮೊದಲ ಕೆಲವು ದಿನ ಮರಿಗಳೆಲ್ಲ ಒಂದೇ ಎಲೆಯ ಮೇಲೆ ಗುಂಪಾಗಿ ತಿನ್ನುತ್ತವೆ. ನಮಗೆ ಸಿಗುವ ಅವಕಾಶ ಅದೇ. ಆ ಒಂದು ಎಲೆಯನ್ನು ಕಿತ್ತು ನಾಶಮಾಡಿದರೆ ನೂರಾರು ಹುಳು ಒಮ್ಮೆಗೇ ಹೋದಂತೆ. ಅದನ್ನು ಬಿಟ್ಟರೆ ಅವು ಬೆಳೆದು ಚದುರುತ್ತವೆ, ಹಗಲೆಲ್ಲ ಮಣ್ಣಿನ ಬಿರುಕಿನಲ್ಲಿ ಅಡಗಿ ರಾತ್ರಿ ಮೇಲೆ ಬಂದು ಮೇಯುತ್ತವೆ. ನಮ್ಮ ಎರೆಭೂಮಿಯಲ್ಲಿ ಬಿರುಕಿಗೇನು ಬರ? ಹಗಲು ಹುಳುವೇ ಕಾಣದೆ ಎಲೆ ಮಾತ್ರ ಖಾಲಿಯಾಗುತ್ತಿದ್ದರೆ, ರಾತ್ರಿ ಊಟವಾದ ಮೇಲೆ ಬ್ಯಾಟರಿ ಹಿಡಿದು ಒಮ್ಮೆ ಹಿತ್ತಲಿಗೆ ಹೋಗಿ ಬನ್ನಿ. ಕೈಯಿಂದಲೇ ಆರಿಸಬಹುದು. ಮಡಿಯ ಅಂಚಿಗೆ ಒಂದೆರಡು ಔಡಲ ಗಿಡ ಬೆಳೆಸಿದರೆ ತಾಯಿ ಪತಂಗ ಅದರ ಅಗಲ ಎಲೆಗೇ ಹೆಚ್ಚಾಗಿ ಮೊಟ್ಟೆ ಇಡುತ್ತದೆ. ನೀವು ಹುಡುಕಬೇಕಾದ ಜಾಗ ಅಲ್ಲಿಗೆ ಕಿರಿದಾಯಿತು.

ಎಲೆಯ ಮೇಲೆ ಸೊಟ್ಟ ಬಿಳಿ ಗೆರೆಗಳಿದ್ದರೆ ಅದು ರಂಗೋಲಿ ಹುಳು. ಇದು ನಮ್ಮ ನೆಲದ್ದಲ್ಲ. ಅಮೆರಿಕ ಖಂಡದಿಂದ 1990ರ ಸುಮಾರಿಗೆ ನಮ್ಮ ದೇಶಕ್ಕೆ ಬಂದು, ಕೆಲವೇ ವರ್ಷಗಳಲ್ಲಿ ಟೊಮೇಟೊ, ಔಡಲ, ಸೌತೆ, ಪಾಲಕ್ ಎಲ್ಲಕ್ಕೂ ಹರಡಿತು. ಸಾಸಿವೆ ಕಾಳಿನಷ್ಟು ಚಿಕ್ಕ ನೊಣವೊಂದು ಎಲೆಯನ್ನು ಚುಚ್ಚಿ ಮೊಟ್ಟೆ ಇಡುತ್ತದೆ. ಮರಿ ಎಲೆಯ ಮೇಲ್ಪೊರೆ ಮತ್ತು ಕೆಳಪೊರೆಯ ನಡುವೆ ಇದ್ದುಕೊಂಡು, ಹಸಿರನ್ನು ತಿನ್ನುತ್ತಾ ಮುಂದೆ ಸಾಗುತ್ತದೆ. ಗೆರೆ ಮೊದಲಾದ ಕಡೆ ಸಣ್ಣದು, ಮರಿ ಬೆಳೆದಂತೆ ದಪ್ಪ. ಮರಿ ಎರಡು ಪೊರೆಗಳ ನಡುವೆ ಇರುವುದರಿಂದ ಮೇಲೆ ಹೊಡೆದ ಔಷಧಿ ಅದಕ್ಕೆ ತಾಕುವುದೇ ಕಷ್ಟ. ಹಲವು ಔಷಧಿಗಳಿಗೆ ಇದು ಒಗ್ಗಿಹೋಗಿದೆ. ಅದನ್ನು ಕೊಲ್ಲುವುದು ಅತಿ ಸಣ್ಣ ಕಣಜಗಳು. ಕೀಟನಾಶಕ ಹೊಡೆದರೆ ಸಾಯುವುದು ಆ ಕಣಜಗಳೇ. ಗೆರೆ ಬಿದ್ದ ಮೊದಲ ಎಲೆಗಳನ್ನು, ಅದೂ ನೆಲಕ್ಕೆ ಹತ್ತಿರವಿರುವ ಹಳೆಯ ಎಲೆಗಳನ್ನು ಕಿತ್ತು ಹಾಕಿ. ಹಳದಿ ಬಣ್ಣಕ್ಕೆ ಈ ನೊಣ ಮುಗಿಬೀಳುತ್ತದೆ. ಹಳೆಯ ಡಬ್ಬಿಯ ಮುಚ್ಚಳಕ್ಕೋ ತಗಡಿನ ತುಂಡಿಗೋ ಹಳದಿ ಬಣ್ಣ ಬಳಿದು, ಮೇಲೆ ಔಡಲ ಎಣ್ಣೆ ಸವರಿ, ಗಿಡದ ಎತ್ತರಕ್ಕೆ ಕೋಲಿಗೆ ಕಟ್ಟಿ ನಿಲ್ಲಿಸಿ. ಬಿಳಿ ನೊಣ, ರೆಕ್ಕೆ ಬಂದ ಗಿಡಹೇನು ಕೂಡ ಅದಕ್ಕೆ ಅಂಟುತ್ತವೆ. ಮೂರು ನಾಲ್ಕು ದಿನಕ್ಕೊಮ್ಮೆ ಒರೆಸಿ ಮತ್ತೆ ಎಣ್ಣೆ ಸವರಬೇಕು.

ಮೆಂತ್ಯ, ಕೊತ್ತಂಬರಿ, ಮೂಲಂಗಿಯ ಕುಡಿ ಮುದುಡಿ, ಎಲೆ ಅಂಟಾಗಿ, ಇರುವೆ ಸಾಲುಗಟ್ಟಿ ಹತ್ತುತ್ತಿದ್ದರೆ ಅದು ಗಿಡಹೇನು. ಮಾರ್ಗಶಿರ, ಪುಷ್ಯದ ತಂಪಿನಲ್ಲಿ, ಮೋಡ ಕವಿದ ದಿನಗಳಲ್ಲಿ ಇದು ಬಹಳ ಬೇಗ ಹೆಚ್ಚುತ್ತದೆ. ಅದಕ್ಕೆ ಕಾರಣವಿದೆ. ನಮ್ಮ ಬಿಸಿ ಸೀಮೆಯಲ್ಲಿ ಹೆಣ್ಣು ಹೇನು ಗಂಡಿಲ್ಲದೆಯೇ, ಮೊಟ್ಟೆಯನ್ನೂ ಇಡದೆ, ನೇರವಾಗಿ ಮರಿ ಹಾಕುತ್ತದೆ. ಆ ಮರಿ ವಾರದೊಳಗೆ ತಾನೂ ಮರಿ ಹಾಕಲು ಸಿದ್ಧ. ಇರುವೆಗಳು ಹೇನು ಸುರಿಸುವ ಸಿಹಿ ದ್ರವಕ್ಕಾಗಿ ಬಂದು, ಹೇನಿನ ವೈರಿಗಳನ್ನು ಓಡಿಸಿ ಅದನ್ನು ಕಾಯುತ್ತವೆ. ಆ ಸಿಹಿ ದ್ರವ ಎಲೆಯ ಮೇಲೆ ಬಿದ್ದ ಕಡೆ ಕಪ್ಪು ಬೂಷ್ಟು ಕಟ್ಟುತ್ತದೆ. ಹೇನಿಗೆ ಮೊದಲ ಮದ್ದು ನೀರು. ಬೆಳಗಿನ ಹೊತ್ತು ಎಲೆಯ ಕೆಳಭಾಗಕ್ಕೆ ತಾಗುವಂತೆ ಜೋರಾಗಿ ನೀರು ಎರಚಿ. ನೆಲಕ್ಕೆ ಬಿದ್ದ ಹೇನಿನಲ್ಲಿ ಹೆಚ್ಚಿನವು ಮತ್ತೆ ಗಿಡ ಹತ್ತಲಾರವು. ಎರಡು ಮೂರು ದಿನ ಬಿಡದೆ ಮಾಡಿ. ಇಷ್ಟಕ್ಕೂ ನಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಐದು ಗ್ರಾಂ ಮೆದು ಸೋಪು ಕರಗಿಸಿ ಸಂಜೆ ಸಿಂಪಡಿಸಿ. ಹೇನಿನ ಮೈಗೆ ತಾಗಿದರೆ ಮಾತ್ರ ಸೋಪು ಕೆಲಸ ಮಾಡುವುದರಿಂದ ಎಲೆಯ ಕೆಳಗೆ ಸಿಂಪಡಿಸುವುದು ಮುಖ್ಯ. ಮೊದಲು ನಾಲ್ಕು ಗಿಡಕ್ಕೆ ಹೊಡೆದು, ಮಾರನೆಯ ದಿನ ಎಲೆ ಸುಟ್ಟಿಲ್ಲವೆಂದು ನೋಡಿ ಮುಂದುವರಿಯಿರಿ.

ಇನ್ನು ನಮ್ಮ ಪುಂಡಿ. ಪುಂಡಿಯ ಕುಡಿ ಗಂಟುಗಟ್ಟಿ, ಎಲೆ ದಪ್ಪನಾಗಿ ಮುರುಟಿ, ಸಂದಿನಲ್ಲಿ ಹತ್ತಿಯಂಥ ಬಿಳಿ ಪುಡಿ ಕಂಡರೆ ಅದು ಹಿಟ್ಟು ತಿಗಣೆ. ಮೈಮೇಲೆ ಮೇಣದ ಹಿಟ್ಟು ಇರುವುದರಿಂದ ಯಾವ ದ್ರವವೂ ಇದಕ್ಕೆ ಸುಲಭವಾಗಿ ಹತ್ತುವುದಿಲ್ಲ. ಗಂಟು ಕಟ್ಟಿದ ಕುಡಿಯನ್ನು ಒಂದು ಗೇಣು ಕೆಳಗಿನಿಂದ ಕತ್ತರಿಸಿ ಸುಟ್ಟುಬಿಡಿ. ಪುಂಡಿ ಮತ್ತೆ ಚಿಗುರುತ್ತದೆ. ಬೇಲಿಯ ದಾಸವಾಳದಲ್ಲೂ ಇದೇ ತಿಗಣೆ ಇರುತ್ತದೆ, ಅದನ್ನೂ ನೋಡಿ ಕತ್ತರಿಸಬೇಕು. ಹಿಟ್ಟು ತಿಗಣೆಯನ್ನು ತಿನ್ನುವ ಕ್ರಿಪ್ಟೋಲೇಮಸ್ ಎಂಬ ದುಂಬಿಯನ್ನು 1898ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತರಲಾಯಿತು. ಕರ್ನಾಟಕದ ದ್ರಾಕ್ಷಿ, ಕಾಫಿ ತೋಟಗಳಿಗೆ ಇಂದಿಗೂ ಅದನ್ನು ಸಾಕಿ ಬಿಡುತ್ತಾರೆ. ಪುಂಡಿಯ ಎಳೆ ಸಸಿಯಲ್ಲಿ, ಮೂಲಂಗಿಯ ಎರಡೆಲೆ ಸಸಿಯಲ್ಲಿ ಗುಂಡುಸೂಜಿ ಚುಚ್ಚಿದಷ್ಟು ಸಣ್ಣ ತೂತುಗಳು ಬಿದ್ದಿದ್ದರೆ ಅದು ಚಿಗಟದ ಹಾಗೆ ನೆಗೆಯುವ ದುಂಬಿ. ದೊಡ್ಡ ಗಿಡಕ್ಕೆ ಇದರಿಂದ ಅಂಥ ತೊಂದರೆಯಿಲ್ಲ, ಎಳೆ ಸಸಿಗೆ ಮಾತ್ರ ಅಪಾಯ. ಬಿತ್ತಿದ ದಿನವೇ ಮಡಿಯ ಮೇಲೆ ಬಿದಿರಿನ ಕಡ್ಡಿ ಬಗ್ಗಿಸಿ, ಹಳೆಯ ಸೊಳ್ಳೆಪರದೆಯನ್ನೋ ತೆಳು ಸೀರೆಯನ್ನೋ ಹೊದಿಸಿ ಅಂಚಿಗೆ ಮಣ್ಣು ಹಾಕಿ. ಮೊದಲ ಎರಡು ವಾರ ಹೀಗೆ ಕಾದರೆ ಸಾಕು. ಬೆಳಗಿನ ಇಬ್ಬನಿಯಲ್ಲಿ ಒಲೆಯ ಬೂದಿಯನ್ನು ಜರಡಿ ಹಿಡಿದು ತೆಳ್ಳಗೆ ಉದುರಿಸುವ ನಮ್ಮ ಹಿರಿಯರ ಪದ್ಧತಿಯೂ ಈ ದುಂಬಿಗೆ ಒಳ್ಳೆಯದೇ.

ಕೇಳುಗರೇ, ಎಲೆ ಮಗುಚಿ ನೋಡಿ ಎಂದೆನಲ್ಲ, ಹಾಗೆ ನೋಡುವಾಗ ಎಲ್ಲ ಹುಳುವೂ ವೈರಿಯಲ್ಲ ಎಂಬುದು ನೆನಪಿರಲಿ. ಕೆಂಪು ರೆಕ್ಕೆಯ ಮೇಲೆ ಕಪ್ಪು ಚುಕ್ಕೆಯಿರುವ ಗುಲಗಂಜಿ ಹುಳು ದಿನಕ್ಕೆ ಹತ್ತಾರು ಹೇನು ತಿನ್ನುತ್ತದೆ. ಅದರ ಮರಿಗೆ ತಾಯಿಯ ರೂಪವಿಲ್ಲ. ಕಪ್ಪಗೆ, ಉದ್ದಕ್ಕೆ, ಮೈಮೇಲೆ ಮುಳ್ಳುಮುಳ್ಳು, ಅಲ್ಲಲ್ಲಿ ಹಳದಿ ಮಚ್ಚೆ. ನೋಡಲು ಭಯವಾಗುವ ಆ ಮರಿಯನ್ನು ಹೊಸಕಿಹಾಕುವವರೇ ಹೆಚ್ಚು. ಅದು ತಾಯಿಗಿಂತ ಹೊಟ್ಟೆಬಾಕ. ಹೇನಿನ ಗುಂಪಿನ ನಡುವೆ ಉಬ್ಬಿಕೊಂಡ, ಕಂದು ಬಣ್ಣದ, ಅಲುಗಾಡದ ಹೇನುಗಳು ಕಂಡರೆ ಅವುಗಳ ಹೊಟ್ಟೆಯಲ್ಲಿ ಕಣಜದ ಮರಿ ಬೆಳೆಯುತ್ತಿದೆ ಎಂದರ್ಥ. ಆ ಎಲೆಯನ್ನು ಕೀಳಬೇಡಿ. ಕೂದಲೆಳೆಯ ತುದಿಯಲ್ಲಿ ನಿಂತಂತಿರುವ ಬಿಳಿ ಮೊಟ್ಟೆ ಹಸಿರು ಜಾಲರೆಕ್ಕೆಯ ಕೀಟದ್ದು, ಅದನ್ನೂ ಮುಟ್ಟಬೇಡಿ. ಸೂರ್ಯನ ಕುದುರೆ, ಜೇಡ, ಕಪ್ಪೆ, ಓತಿಕ್ಯಾತ, ಗುಬ್ಬಿ ಎಲ್ಲವೂ ನಿಮ್ಮ ಕೂಲಿಯಿಲ್ಲದ ಆಳುಗಳು. ಮಡಿಯ ಒಂದು ತುದಿಯಲ್ಲಿ ನಾಲ್ಕು ಕೊತ್ತಂಬರಿ, ನಾಲ್ಕು ಸಬ್ಬಸಿಗೆ ಗಿಡಗಳನ್ನು ಕೀಳದೆ ಹೂವಿಗೆ ಬಿಡಿ. ಆ ಹೂವಿನ ಮಕರಂದಕ್ಕೆ ಕಣಜಗಳೂ, ಹೇನು ತಿನ್ನುವ ಹುಳುಗಳ ತಾಯಿ ನೊಣಗಳೂ ಬರುತ್ತವೆ. ಇಂಥ ಉಪಕಾರಿ ಕೀಟಗಳ ಅಧ್ಯಯನಕ್ಕೆಂದೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಇದೆ.

ಕೈಯಿಂದ ಆರಿಸಿದರೂ, ನೀರು ಎರಚಿದರೂ ಹುಳು ಮೀರಿ ಹೋಯಿತೆಂದರೆ ಬೇವಿಗೆ ಬನ್ನಿ. ನಮ್ಮ ಸೀಮೆಯಲ್ಲಿ ಬೇವಿಲ್ಲದ ಓಣಿಯಿಲ್ಲ. ಯುಗಾದಿಗೆ ಹೂ ಬಿಟ್ಟ ಬೇವು ಕಾರಹುಣ್ಣಿಮೆಯ ಹೊತ್ತಿಗೆ ಹಣ್ಣು ಉದುರಿಸುತ್ತದೆ. ಆಗ ಹಣ್ಣು ಆಯ್ದು, ತಿರುಳು ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿ ಬಟ್ಟೆಯ ಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಬೇಕಾದಾಗ ಸಿಪ್ಪೆ ತೆಗೆದ 50 ಗ್ರಾಂ ಬೀಜವನ್ನು ಕುಟ್ಟಿ ಪುಡಿಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ಗಂಟನ್ನು ಚೆನ್ನಾಗಿ ಹಿಂಡಿದರೆ ಹಾಲಿನಂಥ ದ್ರವ ಬರುತ್ತದೆ. ಸೋಸಿ, ಎಲೆಗೆ ಅಂಟಲೆಂದು ಎರಡು ಗ್ರಾಂ ಸೋಪಿನ ತುರಿ ಕರಗಿಸಿ ಅದೇ ದಿನ ಸಂಜೆ ಸಿಂಪಡಿಸಿ. ಸಂಜೆಯೇ ಏಕೆಂದರೆ ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುತ್ತದೆ. ಬೇಗ ಕೆಡುವ ಆ ಗುಣವೇ ಸೊಪ್ಪಿಗೆ ಅದು ಹೊಂದಲು ಒಂದು ಕಾರಣ. ಬೇವು ಹುಳುವನ್ನು ಥಟ್ಟನೆ ಕೊಲ್ಲುವುದಿಲ್ಲ. ಎಲೆಯ ರುಚಿ ಕೆಡಿಸಿ ತಿನ್ನದಂತೆ ಮಾಡುತ್ತದೆ, ಮರಿ ಪೊರೆ ಬಿಟ್ಟು ಬೆಳೆಯುವುದನ್ನು ತಡೆಯುತ್ತದೆ. ಹಾಗಾಗಿ ಮಾರನೆಯ ದಿನವೇ ಹುಳು ಸತ್ತಿಲ್ಲವೆಂದು ಕೈಬಿಡಬೇಡಿ. ವಾರದ ಮೇಲೆ ಇನ್ನೊಮ್ಮೆ ಹೊಡೆಯಿರಿ. ಹೊಡೆದ ನಾಲ್ಕೈದು ದಿನ ಸೊಪ್ಪು ಕೀಳಬೇಡಿ, ಕಹಿಯಿರುತ್ತದೆ.

ಈ ಬೇವಿನ ಬೆಲೆ ಎಷ್ಟೆಂದು ವಿಜ್ಞಾನಿಗಳೂ ಹೊರಗಿನವರೂ ಅರಿತಿದ್ದಾರೆ. 1962ರಲ್ಲಿ ಉತ್ತರ ಭಾರತಕ್ಕೆ ಮಿಡತೆಗಳ ದಂಡು ಬಂದಾಗ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೇವಿನ ಬೀಜದ ನೀರು ಸಿಂಪಡಿಸಿದ ಬೆಳೆಯನ್ನು ಮಿಡತೆ ಮುಟ್ಟಲಿಲ್ಲವೆಂದು ತೋರಿಸಿದರು. ಮುಂದೆ 1994ರಲ್ಲಿ ಬೇವಿನ ಎಣ್ಣೆಯ ಒಂದು ಬಳಕೆಯ ಮೇಲೆ ಅಮೆರಿಕದ ಕೃಷಿ ಇಲಾಖೆಗೂ ಡಬ್ಲ್ಯು. ಆರ್. ಗ್ರೇಸ್ ಎಂಬ ಕಂಪನಿಗೂ ಯುರೋಪಿನ ಪೇಟೆಂಟ್ ಕಚೇರಿ ಹಕ್ಕುಪತ್ರ ಕೊಟ್ಟಿತು. ಇದು ಭಾರತದ ರೈತರಿಗೆ ಮೊದಲೇ ಗೊತ್ತಿದ್ದ ವಿದ್ಯೆ ಎಂದು ವಾದ ನಡೆದು 2000ದಲ್ಲಿ ಆ ಹಕ್ಕು ರದ್ದಾಯಿತು. ಮೇಲ್ಮನವಿಯೂ 2005ರಲ್ಲಿ ಬಿದ್ದುಹೋಯಿತು. ಯುರೋಪಿನವರೆಗೆ ಹೋಗಿ ಉಳಿಸಿಕೊಂಡ ಆ ವಿದ್ಯೆಯ ಬೀಜ ನಮ್ಮ ಓಣಿಯಲ್ಲಿ ಕಾಲಡಿ ಬಿದ್ದು ಹೋಗುತ್ತಿದೆ. ಈ ಸಲದ ಕಾರಹುಣ್ಣಿಮೆಗೆ ಮಕ್ಕಳನ್ನು ಕರೆದುಕೊಂಡು ಒಂದು ಬುಟ್ಟಿಯಾದರೂ ಆಯ್ದಿಡಿ. ಬೀಜ ಇಲ್ಲದವರಿಗೆ ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಇವೆ. ಪೊಟ್ಟಣದ ಮೇಲೆ ಬರೆದಷ್ಟೇ ಬಳಸಿ.

ಎಲೆಕೋಸು, ಮೂಲಂಗಿ ಬೆಳೆಯುವವರು ಇದೇ ಸಂಸ್ಥೆಯ ಇನ್ನೊಂದು ಉಪಾಯವನ್ನು ತಿಳಿದಿರಬೇಕು. ಎಲೆಕೋಸಿಗೆ ಬೀಳುವ ವಜ್ರಬೆನ್ನಿನ ಪತಂಗಕ್ಕೆ ಸಾಸಿವೆ ಎಂದರೆ ಇನ್ನೂ ಇಷ್ಟ. ಹೊಲದಲ್ಲಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ ಬಿತ್ತಿ, ಹುಳುವನ್ನು ಅಲ್ಲಿಗೆ ಸೆಳೆದು ಅಲ್ಲೇ ಮುಗಿಸುವ ಕ್ರಮ ಅವರದು. ಹಿತ್ತಲಲ್ಲಿ ಮಡಿಯ ಎರಡು ಬದಿಗೆ ಹಿಡಿ ಸಾಸಿವೆ ಚೆಲ್ಲಿದರೆ ಸಾಕು.

ಮಾಡಬಾರದ ಕೆಲವನ್ನೂ ಹೇಳಬೇಕು. ತಂಬಾಕಿನ ಕಷಾಯ ಗಿಡಮೂಲಿಕೆಯಲ್ಲವೇ ಎಂದು ಸೊಪ್ಪಿಗೆ ಹೊಡೆಯಬೇಡಿ. ಅದರಲ್ಲಿರುವ ನಿಕೋಟಿನ್ ಮನುಷ್ಯನಿಗೂ ಕಡು ವಿಷ. ಬಟ್ಟೆ ಒಗೆಯುವ ಪುಡಿಯನ್ನು ಕಲಸಿ ಹೊಡೆದರೆ ಎಲೆ ಸುಡುತ್ತದೆ. ಹಸಿ ಸಗಣಿ ಕಲಸಿದ ನೀರನ್ನು ತಿನ್ನುವ ಎಲೆಯ ಮೇಲೆ ಸಿಂಪಡಿಸಬೇಡಿ. ಕೊತ್ತಂಬರಿಯನ್ನು ನಾವು ಹಸಿಯಾಗಿಯೇ ತಿನ್ನುತ್ತೇವೆ, ಸಗಣಿಯಲ್ಲಿನ ರೋಗಾಣು ಹೊಟ್ಟೆಗೆ ಹೋಗುತ್ತದೆ. ಯೂರಿಯಾವನ್ನು ಸೊಪ್ಪಿಗೆ ಧಾರಾಳವಾಗಿ ಎರಚುವುದನ್ನೂ ಬಿಡಿ. ಯೂರಿಯಾ ಹೆಚ್ಚಾದ ಎಲೆ ಕಡುಹಸಿರಾಗಿ, ಮೆದುವಾಗಿ, ರಸತುಂಬಿ ಬೆಳೆಯುತ್ತದೆ. ಹೇನಿಗೆ ಬೇಕಾದದ್ದು ಅದೇ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಸಾಕು.

ಬಿತ್ತುವ ಕ್ರಮದಲ್ಲೂ ಒಂದು ಜಾಣತನವಿದೆ. ಇಡೀ ಮಡಿಗೆ ಒಂದೇ ದಿನ ಒಂದೇ ಸೊಪ್ಪು ಬಿತ್ತಬೇಡಿ. ಮಡಿಯನ್ನು ನಾಲ್ಕು ಪಾಲು ಮಾಡಿ, ವಾರಕ್ಕೊಂದು ಪಾಲು, ಪಾಲಿಗೊಂದು ಸೊಪ್ಪು ಬಿತ್ತಿ. ಮನೆಗೆ ಬಿಡದೆ ಸೊಪ್ಪು ಸಿಗುತ್ತದೆ, ಒಂದು ಪಾಲಿಗೆ ಹುಳು ಬಿದ್ದರೂ ಉಳಿದ ಮೂರು ಉಳಿಯುತ್ತವೆ. ಸಸಿ ಒತ್ತಾಗಿದ್ದರೆ ಎಳೆಯದರಲ್ಲೇ ಕಿತ್ತು ಪಲ್ಯ ಮಾಡಿ, ಉಳಿದವಕ್ಕೆ ಗಾಳಿ ಬಿಡಿ. ಹುಳು ಹೆಚ್ಚುವ ಸೂಚನೆ ಕಂಡರೆ 30 ದಿನ ಕಾಯದೆ 22ನೆಯ ದಿನವೇ ಕಿತ್ತುಬಿಡಿ. ಹುಳು ಬಹಳ ಹೆಚ್ಚುವ ಮೊದಲೇ ಬೆಳೆ ಕೀಳಬಲ್ಲ ಅನುಕೂಲ ಹತ್ತಿಗೆ, ಮೆಣಸಿನಕಾಯಿಗೆ ಇಲ್ಲ, ಸೊಪ್ಪಿಗೆ ಇದೆ. ಅದನ್ನು ಬಳಸಿಕೊಳ್ಳಬೇಕು.

ಡಬ್ಬಿಯಿಲ್ಲದೆ ಬೆಳೆಯುವುದು ಹೊಸದೇನಲ್ಲ. ನಮ್ಮ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿದಾಗ ನೂತನ ಶಿಲಾಯುಗದ ಜನರ ಮನೆಗಳು ಸಿಕ್ಕವು, ಸುಟ್ಟು ಕರಿಯಾದ ಹುರುಳಿ ಕಾಳು ಸಿಕ್ಕಿತು. ಮೂರೂವರೆ ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ಬೆಳೆದು ಉಣ್ಣುವ ಜನ ಇದ್ದರು. ಆ ಬೆಳೆಯನ್ನು ತಿನ್ನುವ ಹುಳುಗಳೂ ಅಂದಿನಿಂದ ಇದ್ದಿರಲೇಬೇಕು. ಕೀಟನಾಶಕದ ಡಬ್ಬಿ ನಮ್ಮ ಊರುಗಳಿಗೆ ಬಂದು ಒಂದು ಜೀವಮಾನವಷ್ಟೇ ಆಗಿದೆ. ಅದಕ್ಕೆ ಹಿಂದಿನ ನೂರಾರು ತಲೆಮಾರು ನೋಡಿ, ಆರಿಸಿ, ಬೂದಿ ಉದುರಿಸಿ, ಬೆಳೆ ಬದಲಿಸಿ ಬದುಕಿತು. ದೊಡ್ಡ ಹೊಲದಲ್ಲಿ ಇಂದು ಅದೆಲ್ಲ ಕಷ್ಟವಿರಬಹುದು. ನಾಲ್ಕಡಿ ಮಡಿಯಲ್ಲಿ ದಿನಕ್ಕೆ ಹತ್ತು ನಿಮಿಷದ ಕೆಲಸ.

ಎಲೆಯಲ್ಲಿ ನಾಲ್ಕು ತೂತು ಇದ್ದರೆ ಸೊಪ್ಪು ಕೆಟ್ಟಿತೆಂದಲ್ಲ. ಹುಳು ಬಿದ್ದ ಎಲೆ ತೆಗೆದು, ಉಳಿದದ್ದನ್ನು ಅಗಲ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ನೀರು ಬದಲಿಸಿ ಮೂರು ಸಲ ತೊಳೆಯಿರಿ. ತೊಳೆದ ಮೇಲೆ ಹೆಚ್ಚಿರಿ. ಗುರುತು ಸಿಗದ ಹುಳು ಕಂಡರೆ ಎಲೆ ಸಮೇತ ಒಂದು ಡಬ್ಬಿಯಲ್ಲಿ ಹಾಕಿಕೊಂಡು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ, ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಕ್ಕೋ, ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ತೋರಿಸಿ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಕೊನೆಯದಾಗಿ ಅಮ್ಮಂದಿರಿಗೆ, ಅಕ್ಕಂದಿರಿಗೆ ಒಂದು ಮಾತು. ಹಿತ್ತಲ ಮಡಿಗೆ ನೀರು ಹಾಕುವವರು ಹೆಚ್ಚಾಗಿ ನೀವೇ. ಆ ಸೊಪ್ಪಿಗೆ ಏನು ಬೀಳಬೇಕು, ಏನು ಬೀಳಬಾರದು ಎಂದು ಹೇಳುವ ಹಕ್ಕೂ ನಿಮ್ಮದೇ. ಮನೆಯಲ್ಲಿ ಯಾರೇ ಗದ್ದೆಯ ಪಂಪು ಹೆಗಲಿಗೇರಿಸಿ ಹಿತ್ತಲಿಗೆ ಬಂದರೂ, ಇದು ಮಕ್ಕಳು ತಿನ್ನುವ ಎಲೆ, ಇಲ್ಲಿ ಬೇಡ ಎಂದು ಗಟ್ಟಿಯಾಗಿ ಹೇಳಿ. ಅರ್ಧ ಉಳಿದ ಆ ಡಬ್ಬಿಗಳನ್ನು ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಸಿ ಇಡಿಸಿ. ನಾಳೆ ಬೆಳಿಗ್ಗೆ ನೀರು ಹಾಕುವಾಗ ಹತ್ತು ಎಲೆ ಮಗುಚಿ ನೋಡುವುದರಿಂದ ಶುರುಮಾಡಿ.